ಹುತ್ತರಿ ದಿನ ಮಗು ಯಾರ ಮನೆಯಲ್ಲಿ?

“ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ತಂದೆ ಮಗುವನ್ನು ಭೇಟಿಯಾಗಬಹುದು.”

ನನ್ನ ಬಂಧುವೊಬ್ಬನ ಕೋರ್ಟ್ ಆದೇಶದಲ್ಲಿ ಭೇಟಿಯ ಬಗ್ಗೆ ಇರುವುದು ಈ ಒಂದೇ ಸಾಲು. ಓದಿದರೆ ಎಲ್ಲ ಸರಿಯಾಗೇ ಇದೆ ಅನಿಸುತ್ತದೆ. ಆದರೆ ಅವನಿರುವುದು ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟದಲ್ಲಿ. ಒಂಬತ್ತು ವರ್ಷದ ಮಗಳು ಬೆಂಗಳೂರಿನಲ್ಲಿ, ಅಮ್ಮನ ಜೊತೆ. ಮಡಿಕೇರಿಯಿಂದಲೇ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಕೊಡಗಿಗೆ ರೈಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕಾದರೆ ಶುಕ್ರವಾರ ರಾತ್ರಿಯೇ ಬಸ್ ಹತ್ತಬೇಕು. ಉಳಿಯಲು ಅಲ್ಲಿ ಮನೆಯಿಲ್ಲ. ಆರು ಗಂಟೆಯನ್ನು ಮಾಲಿನಲ್ಲೋ ಪಾರ್ಕಿನಲ್ಲೋ ಕಳೆಯಬೇಕು. ಜುಲೈ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆದರೆ ಆ ಸಲದ ಭೇಟಿ ಹೋಯಿತು. ಹೋದ ಭೇಟಿಗೆ ಬದಲಿ ದಿನ ಯಾವುದು ಅಂತ ಆದೇಶದಲ್ಲಿ ಬರೆದಿಲ್ಲ.

ಒಂದು ವರ್ಷ ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಾಗ ಮಗಳು ಫೋನಿನಲ್ಲಿ “ಅಪ್ಪ, ಕದಿರು ತೆಗೆಯೋಕೆ ನಾನೂ ಬರ್ಲಾ?” ಅಂತ ಕೇಳಿದಳು. ಹಬ್ಬ ವಾರದ ನಡುವೆ ಬಿದ್ದಿತ್ತು. ಬೆಂಗಳೂರಿನ ಶಾಲೆಗೆ ಅವತ್ತು ರಜೆಯಿಲ್ಲ. “ಆದೇಶದಲ್ಲಿ ಅದು ಇಲ್ವಲ್ಲ” ಅಂದರು ಅವಳ ಅಮ್ಮ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಶಾಲೆ ತಪ್ಪಿಸಿ ಅಷ್ಟು ದೂರ ಕಳಿಸುವ ಭಯವೂ ಸಹಜವೇ. ಆದೇಶ ಬರೆಸಿದ ದಿನ ಹುತ್ತರಿ ಯಾರಿಗೂ ನೆನಪಾಗಲಿಲ್ಲ. ಮಗು ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಬರಲಿಲ್ಲ.

ಬೇರೆಯಾದ ತಂದೆ-ತಾಯಿಗೆ ಮಕ್ಕಳ ಜೊತೆ ಕಳೆಯುವ ಸಮಯದ ಮೇಲೆ ಹಕ್ಕು ಇದೆಯಾ ಅಂತ ಕೇಳಿದರೆ, ಇದೆ. ಆದರೆ ಆ ಹಕ್ಕು ಬದುಕುವುದು ಆದೇಶದ ವಿವರದಲ್ಲಿ. ದಿನ, ಗಂಟೆ, ಜಾಗ, ಬದಲಿ ದಿನ ಬರೆಯದಿದ್ದರೆ ಅದು ಕಾಗದದ ಮೇಲಷ್ಟೇ ಉಳಿಯುತ್ತದೆ. ಕೊಡಗಿನಂಥ ಜಿಲ್ಲೆಯಲ್ಲಿ ಇನ್ನೂ ಬೇಗ ಸಾಯುತ್ತದೆ.

ಕಾನೂನು ಏನು ಹೇಳುತ್ತದೆ

ಮೊದಲು ಮೂಲ ಕಾಯ್ದೆಗಳು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂಗಳಿಗೆ ಇದರ ಜೊತೆಗೆ 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕತ್ವ ಕಾಯ್ದೆ ಇದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ. ಮುಸ್ಲಿಮರಲ್ಲಿ ಚಿಕ್ಕ ಮಕ್ಕಳ ಪಾಲನೆ ತಾಯಿಗೆ ಸೇರಿದ್ದು ಎನ್ನುವ ಹಿಜಾನತ್ ಪದ್ಧತಿ ಇದೆ. ಯಾವ ದಾರಿಯಲ್ಲಿ ಬಂದರೂ ಕೋರ್ಟು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಮಗುವಿಗೆ ಯಾವುದು ಒಳ್ಳೆಯದು?

1956ರ ಕಾಯ್ದೆ ತಂದೆಯನ್ನು ಸಹಜ ಪೋಷಕ ಅಂತ ಕರೆದು, ಅವನ ‘ನಂತರ’ ತಾಯಿ ಅಂತ ಬರೆಯಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತಲೂ ಹೇಳಿತು. ಆ ‘ನಂತರ’ ಎನ್ನುವುದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಜವಾಬ್ದಾರಿ ನೋಡಿಕೊಳ್ಳದಿರುವಾಗಲೂ ತಾಯಿಯೇ ಪೋಷಕಿ ಅಂತ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಬಿಡಿಸಿ ಹೇಳಿತು. ಇದೇ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಅನ್ನುತ್ತದೆ. ‘ಮಗು ನಮ್ಮ ಒಕ್ಕದ್ದು, ಹಾಗಾಗಿ ನಮ್ಮ ಮನೆಯಲ್ಲೇ ಇರಬೇಕು’ ಎನ್ನುವ ಮಾತನ್ನು ನಮ್ಮಲ್ಲಿ ಹಿರಿಯರು ಬಹಳ ನಂಬಿಕೆಯಿಂದ ಹೇಳುತ್ತಾರೆ. ಒಕ್ಕದ, ಅಂದರೆ ತಂದೆಯ ಕಡೆಯ ಕುಲದ, ಹೆಸರು ಮಗುವಿನ ಜೊತೆ ಸದಾ ಇರುತ್ತದೆ, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಮಗು ಎಲ್ಲಿ ಬೆಳೆಯಬೇಕು ಎನ್ನುವುದನ್ನು ಕೋರ್ಟು ಅದರ ಮೇಲೆ ತೀರ್ಮಾನಿಸುವುದಿಲ್ಲ.

ಮಕ್ಕಳು ತಂದೆ-ತಾಯಿಯ ಆಸ್ತಿಯಲ್ಲ, ಆಟದ ಸಾಮಾನೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿತ್ತು. 2020ರ ಯಶಿತಾ ಸಾಹು ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಂದೆ-ತಾಯಿ ಇಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಹಕ್ಕು ಅಂದಿತು. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಭೇಟಿ ಅಂದರೆ ಗಂಡ-ಹೆಂಡತಿ ಜಗಳದಲ್ಲಿ ಸೋತವರಿಗೆ ಕೊಡುವ ಸಮಾಧಾನದ ಬಹುಮಾನ ಅಲ್ಲ. ಅದು ಮಗುವಿಗೆ ಸೇರಬೇಕಾದದ್ದು.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎಲ್ಲರೂ ‘ವಿಸಿಟೇಷನ್’ ಅನ್ನುತ್ತೇವಲ್ಲ, ಆ ಪದ 1890ರ ಕಾಯ್ದೆಯಲ್ಲೂ ಇಲ್ಲ, 1956ರ ಕಾಯ್ದೆಯಲ್ಲೂ ಇಲ್ಲ. ತಿಂಗಳಿಗೆ ಇಷ್ಟು ದಿನ, ರಜೆಯಲ್ಲಿ ಇಷ್ಟು ಪಾಲು ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ. ಎಲ್ಲವೂ ಜಡ್ಜ್ ವಿವೇಚನೆಗೆ ಬಿಟ್ಟದ್ದು. ಹಾಗಾಗಿ ಅರ್ಜಿಯಲ್ಲಿ ನಾವು ಏನು ಕೇಳುತ್ತೇವೋ ಸಾಮಾನ್ಯವಾಗಿ ಅದರ ಸುತ್ತಲೇ ಆದೇಶ ಬರುತ್ತದೆ. ‘ಸೂಕ್ತ ಭೇಟಿಗೆ ಅವಕಾಶ ಕೊಡಿ’ ಅಂತ ಸುಮ್ನೆ ಕೇಳಿದರೆ ಎರಡು ಶನಿವಾರ ಸಿಗುತ್ತದೆ.

ಕೇಸು ಮುಗಿಯುವ ತನಕ ಕಾಯಬಾರದು

ಡೈವೋರ್ಸ್ ಕೇಸು ಎಷ್ಟೋ ವರ್ಷ ಎಳೆಯುತ್ತದೆ. ಆದರೆ ನಾಲ್ಕು ವರ್ಷದ ಮಗು ಕೇಸು ಮುಗಿಯುವ ತನಕ ನಾಲ್ಕು ವರ್ಷದ್ದಾಗಿಯೇ ಇರುವುದಿಲ್ಲ. ಮಧ್ಯಂತರ ಆದೇಶ ಇರುವುದೇ ಇದಕ್ಕೆ. 1890ರ ಕಾಯ್ದೆಯ 12ನೇ ಸೆಕ್ಷನ್ ಮತ್ತು 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅಡಿಯಲ್ಲಿ ಕೇಸು ನಡೆಯುತ್ತಿರುವಾಗಲೇ ಕೇಳಬಹುದು. ಮೊದಲ ವಾಯಿದೆಗೇ ಈ ಅರ್ಜಿ ಹಾಕಿಸಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

26ನೇ ಸೆಕ್ಷನ್ನಿನಲ್ಲಿ ಒಂದು ಕೊರತೆ ಇದೆ. ಮಗುವಿನ ಜೀವನಾಂಶ ಮತ್ತು ಓದಿನ ಖರ್ಚಿನ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನದೊಳಗೆ ಸಾಧ್ಯವಾದಷ್ಟೂ ಮುಗಿಸಬೇಕು ಅಂತ ಅಲ್ಲಿ ಬರೆದಿದೆ. ಮಗುವನ್ನು ನೋಡುವ ಅರ್ಜಿಗೆ ಅಂಥ ಗಡುವು ಇಲ್ಲ. ದುಡ್ಡಿಗೆ ಗಡುವಿದೆ, ಸಮಯಕ್ಕಿಲ್ಲ. ಇದನ್ನು ಸಂಸತ್ತು ಸರಿಪಡಿಸಬೇಕು. ಆರು ತಿಂಗಳು ಮುಖ ನೋಡದ ಎರಡು ವರ್ಷದ ಮಗು ತಂದೆಯನ್ನೋ ತಾಯಿಯನ್ನೋ ಕಂಡರೆ ಅಳುತ್ತದೆ. ಆಮೇಲೆ ಆ ಅಳುವನ್ನೇ ತೋರಿಸಿ ‘ನೋಡಿ, ಮಗುವಿಗೆ ಇಷ್ಟವಿಲ್ಲ’ ಅಂತ ವಾದ ಮಾಡುತ್ತಾರೆ.

ಅರ್ಜಿ ಎಲ್ಲಿ ಹಾಕಬೇಕು ಎನ್ನುವುದೂ ಕೊಡಗಿನವರಿಗೆ ದೊಡ್ಡ ಪ್ರಶ್ನೆ. ಗಾರ್ಡಿಯನ್ಸ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿಗೆ ಅಧಿಕಾರ. ಮಗು ಬೆಂಗಳೂರಿನಲ್ಲಿ ನೆಲೆಸಿ ಶಾಲೆಗೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಬೇಕು. ಮಗು ವಿರಾಜಪೇಟೆಯಲ್ಲಿದ್ದು ತಾಯಿ ಬೆಂಗಳೂರಿನ ಕೆಲಸದಲ್ಲಿದ್ದರೆ ಅವಳು ಇಲ್ಲಿಗೆ ಬರಬೇಕು. ದೂರದ ಕಷ್ಟ ಯಾವಾಗಲೂ ತಂದೆಯದ್ದೇ ಅಂತೇನಿಲ್ಲ. ಮಗುವನ್ನು ಗಂಡನ ಮನೆಯಲ್ಲಿ ಬಿಟ್ಟು ಬರಬೇಕಾಗಿ ಬಂದ ತಾಯಂದಿರೂ ಇದ್ದಾರೆ. ಕೆಲಸ ಮುಗಿಸಿ ಮೈಸೂರಿನಿಂದ ಬಸ್ ಹತ್ತಿ ಬಂದು, ಎರಡು ಗಂಟೆ ಮಗುವನ್ನು ನೋಡಿ ಹಿಂದಿರುಗುತ್ತಾರೆ.

ದೂರ, ಮಳೆ, ನೆಟ್‌ವರ್ಕ್

ದೂರದ ಬಗ್ಗೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಒಂದು ಒಳ್ಳೆಯ ಆದೇಶ ಬಂತು. ತಮಿಳುನಾಡಿನ ಪ್ರಕರಣ ಅದು. ಪುಟ್ಟ ಮಗುವನ್ನು ತಾಯಿ ಪ್ರತಿ ಭಾನುವಾರ ಮಧುರೈಯಿಂದ ಕರೂರಿಗೆ ಕರೆದುಕೊಂಡು ಹೋಗಬೇಕು ಅಂತ ಕೆಳಗಿನ ಕೋರ್ಟಿನ ಆದೇಶ ಇತ್ತು. ಹೋಗಿ ಬರಲು ಸುಮಾರು 300 ಕಿಲೋಮೀಟರ್. ತಂದೆಯ ಭೇಟಿಯ ಹಕ್ಕು ನಿಜವೇ, ಆದರೆ ಅದು ಮಗುವಿನ ಆರೋಗ್ಯವನ್ನು ಬಲಿಕೊಟ್ಟು ಆಗಬಾರದು ಅಂತ ಹೇಳಿ ಸುಪ್ರೀಂ ಕೋರ್ಟ್ ಭೇಟಿಯನ್ನು ಮಧುರೈಗೇ ಬದಲಿಸಿತು. ತಂದೆಯ ಹಕ್ಕನ್ನು ಕಿತ್ತುಕೊಳ್ಳಲಿಲ್ಲ. ಪ್ರಯಾಣದ ಭಾರವನ್ನು ಮಗುವಿನ ಮೇಲಿಂದ ದೊಡ್ಡವರ ಮೇಲೆ ಇಟ್ಟಿತು.

ಇದನ್ನು ನಮ್ಮ ಜಿಲ್ಲೆಗೆ ಇಟ್ಟು ನೋಡಿ. ಮಗು ಚಿಕ್ಕದಿದ್ದಾಗ ದೊಡ್ಡವರು ಹೋಗುವುದು ಸರಿ. ಏಳೆಂಟು ವರ್ಷದ ಮೇಲೆ ಮಗುವನ್ನು ಅರ್ಧ ದಾರಿಗೆ ತಂದು ಒಪ್ಪಿಸುವ ಏರ್ಪಾಡು ಕೇಳಬಹುದು. ಮೈಸೂರು ಇದಕ್ಕೆ ಸರಿಯಾದ ಜಾಗ. ತಿಂಗಳಿಗೆ ಎರಡು ಸಲ ಆರು ಗಂಟೆ ಬದಲು, ತಿಂಗಳಿಗೆ ಒಂದೇ ಸಲ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ಕೇಳಿದರೆ ಪ್ರಯಾಣ ಅರ್ಧವಾಗುತ್ತದೆ, ಒಟ್ಟಿಗಿರುವ ಸಮಯ ಜಾಸ್ತಿಯಾಗುತ್ತದೆ. ಮಗು ತನ್ನ ಹಾಸಿಗೆಯಲ್ಲಿ ಮಲಗುತ್ತದೆ, ಅಜ್ಜಿ ಮಾಡಿದ ಕಡುಬು ತಿನ್ನುತ್ತದೆ. ಮಾಲಿನಲ್ಲಿ ಇದು ಯಾವುದೂ ಸಿಗಲ್ಲ.

ಒಪ್ಪಿಸುವ ಗಂಟೆಯನ್ನೂ ನೋಡಿ ಬರೆಸಬೇಕು. ಸಿದ್ದಾಪುರ ಕಡೆ, ದಕ್ಷಿಣ ಕೊಡಗಿನ ಎಷ್ಟೋ ರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆ ಓಡಾಡುತ್ತದೆ. ‘ಸಂಜೆ 7ಕ್ಕೆ ಮನೆಗೆ ತಂದು ಬಿಡಬೇಕು’ ಎನ್ನುವ ಆದೇಶ ಬೆಂಗಳೂರಿಗೆ ಸರಿ, ಇಲ್ಲಿಗಲ್ಲ. ಸಂಜೆ 5ರೊಳಗೆ ಅಂತ ಬರೆಸಿದರೆ ಎಲ್ಲರಿಗೂ ನೆಮ್ಮದಿ.

ಮಳೆಗಾಲದ ಮಾತು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆಯನ್ನು ನಂಬುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ. ಮಳೆಗೆ ಶಾಲೆಗೆ ರಜೆ ಕೊಟ್ಟರೆ ಆಮೇಲೆ ಶನಿವಾರ ಪೂರ್ತಿ ತರಗತಿ ನಡೆಸುವುದೂ ಉಂಟು. ಮಗು ಕೊಡಗಿನಲ್ಲಿದ್ದು ಭೇಟಿ ಶನಿವಾರವೇ ಇದ್ದರೆ ಅದೂ ಹೋಯಿತು. ಹಾಗಾಗಿ ‘ಮಳೆ, ರಸ್ತೆ ಅಥವಾ ಶಾಲೆಯ ಕಾರಣಕ್ಕೆ ತಪ್ಪಿದ ಭೇಟಿಯನ್ನು ಮುಂದಿನ ಎರಡು ವಾರದೊಳಗೆ ಕೊಡಬೇಕು’ ಎನ್ನುವ ಒಂದು ಸಾಲು ಇರಲೇಬೇಕು. ಅದಿಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಮೂರು ತಿಂಗಳು ಕಳೆದುಹೋಗಿರುತ್ತದೆ.

ಫೋನ್ ಮತ್ತು ವಿಡಿಯೋ ಕಾಲ್ ಕೂಡ ಈಗ ಹಕ್ಕಿನ ಭಾಗ. ಯಶಿತಾ ಸಾಹು ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಭೇಟಿಯ ಹಕ್ಕಿನ ಜೊತೆಗೆ ಸಂಪರ್ಕದ ಹಕ್ಕು ಅಂತ ಒಂದನ್ನು ಹೇಳಿತು. ತಂದೆ-ತಾಯಿ ಬೇರೆ ರಾಜ್ಯ, ಬೇರೆ ದೇಶಗಳಲ್ಲಿದ್ದಾಗ ವಿಡಿಯೋ ಕಾಲ್ ಒಳ್ಳೆಯ ದಾರಿ, ಮಗು ಜೊತೆಗಿಲ್ಲದವರು ದಿನಾ ಐದು-ಹತ್ತು ನಿಮಿಷವಾದರೂ ಮಾತಾಡುವಂತಿರಬೇಕು ಅಂದಿತು. ನಮ್ಮಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ರಾತ್ರಿ 8 ಗಂಟೆಗೆ ಕಾಲ್ ಬರಲಿಲ್ಲ ಅಂತ ಅಲ್ಲಿ ಮಗು ಕಾದು ಮಲಗುತ್ತದೆ, ಇಲ್ಲಿ ಅಪ್ಪ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಾನೆ. ಇಂಥ ದಿನ ಮರುದಿನ ಬೆಳಿಗ್ಗೆ ಕಾಲ್ ಮಾಡಲು ಅವಕಾಶ ಇರಬೇಕು ಅಂತಲೂ ಬರೆಸಬಹುದು.

ಹಬ್ಬದ ಲೆಕ್ಕ

ಕೋರ್ಟ್ ಆದೇಶಗಳಲ್ಲಿ ದಸರಾ ರಜೆ ಅರ್ಧ, ಬೇಸಿಗೆ ರಜೆ ಅರ್ಧ ಅಂತ ಹಂಚುವುದು ರೂಢಿ. ಕೊಡಗಿನ ಮಗುವಿಗೆ ಮುಖ್ಯವಾದ ದಿನಗಳು ಹೆಚ್ಚಾಗಿ ಈ ರಜೆಯ ಹೊರಗೆ ಬರುತ್ತವೆ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಸೆಪ್ಟೆಂಬರ್ ಶುರುವಿನಲ್ಲಿ. ತಲಕಾವೇರಿಯ ತೀರ್ಥೋದ್ಭವ ಅಕ್ಟೋಬರ್ ಮಧ್ಯದಲ್ಲಿ. ಹುತ್ತರಿ ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಅದರ ದಿನ, ಗಳಿಗೆ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ. ಪ್ರತಿ ವರ್ಷ ದಿನ ಬದಲಾಗುತ್ತದೆ. ಅದಕ್ಕೇ ಆದೇಶದಲ್ಲಿ ತಾರೀಕು ಹಾಕಲು ಆಗುವುದಿಲ್ಲ. ‘ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಹುತ್ತರಿಗೆ ನಿಗದಿಯಾದ ದಿನದ ಮಧ್ಯಾಹ್ನದಿಂದ ಮರುದಿನ ಸಂಜೆವರೆಗೆ, ಒಂದು ವರ್ಷ ತಂದೆಯ ಬಳಿ, ಇನ್ನೊಂದು ವರ್ಷ ತಾಯಿಯ ಬಳಿ’ ಅಂತ ಬರೆಸಬೇಕು. ಜಡ್ಜ್ ಹೊರಗಿನವರಾಗಿದ್ದರೆ ಅವರಿಗೆ ಇದು ತಿಳಿದಿರಲಿಕ್ಕಿಲ್ಲ. ಹೇಳಬೇಕಾದವರು ನಾವು.

ಇದು ಬರೀ ಹಬ್ಬದೂಟದ ಮಾತಲ್ಲ. ನೆರೆ (ಎಲೆಗಳ ಕಟ್ಟು) ಕಟ್ಟುವುದು, ಗದ್ದೆಗಿಳಿದು ಕದಿರು ತೆಗೆಯುವುದು, “ಪೊಲಿ ಪೊಲಿ ದೇವಾ” ಅಂತ ಕೂಗುವುದು, ಇದನ್ನೆಲ್ಲ ಪುಸ್ತಕದಲ್ಲಿ ಓದಿ ಕಲಿಯಲಾಗುವುದಿಲ್ಲ. ಇಬ್ಬರೂ ಕೊಡಗಿನವರೇ ಆಗಿದ್ದರೆ ತಾಯಿಯ ತವರಿನಲ್ಲೂ ಅವತ್ತೇ ಹುತ್ತರಿ. ಸರದಿ ಬೇಕಾಗುವುದು ಅದಕ್ಕೇ. ಹಾಗೇ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದ ಇದು ನಡೆಯುವುದು ಬೇಸಿಗೆ ರಜೆಯ ಹೊತ್ತಿಗೆ. ರಜೆಯ ಯಾವ ಅರ್ಧ ಯಾರಿಗೆ ಅಂತ ಹಂಚುವಾಗ ಅದನ್ನೂ ನೋಡಿಕೊಂಡರೆ ಒಕ್ಕದ ಪಂದ್ಯಕ್ಕೆ ಮಗು ಬರಬಹುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಜನವರಿ, ಫೆಬ್ರವರಿಯ ಭೇಟಿಯನ್ನು ಕಡಿಮೆ ಮಾಡಿ ಏಪ್ರಿಲ್‌ಗೆ ಸೇರಿಸಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಅಜ್ಜ-ಅಜ್ಜಿಯರ ವಿಷಯದಲ್ಲಿ ಕಾಯ್ದೆ ಮೌನವಾಗಿದೆ. ಮೊಮ್ಮಕ್ಕಳನ್ನು ನೋಡಲು ಅವರಿಗೆ ಪ್ರತ್ಯೇಕ ಸೆಕ್ಷನ್ ಇಲ್ಲ. ಮಗುವಿನ ಹಿತ ಅಲ್ಲಿದೆ ಅನಿಸಿದಾಗ ಕೋರ್ಟು ಕೊಟ್ಟದ್ದಿದೆ. 2008ರ ನೀಲ್ ರತನ್ ಕುಂಡು ಪ್ರಕರಣದಲ್ಲಿ ತಾಯಿ ತೀರಿಕೊಂಡ ಮಗುವಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ ತಾಯಿಯ ತಂದೆ-ತಾಯಿಯ ಪರವಾಗಿ ನಿಂತಿತು. ಸಾಮಾನ್ಯ ಕೇಸುಗಳಲ್ಲಿ ಭೇಟಿ ನಡೆಯುವ ಜಾಗ ಐನ್‌ಮನೆ ಅಥವಾ ಅಜ್ಜಿ ಮನೆ ಅಂತ ಬರೆಸುವುದೇ ಸುಲಭದ ದಾರಿ.

ಭಯ ಇದ್ದಲ್ಲಿ

ಎಲ್ಲ ಮನೆಯಲ್ಲೂ ಭೇಟಿ ಒಳ್ಳೆಯದೇ ಅಂತ ನಾನು ಹೇಳುವುದಿಲ್ಲ. ಹೊಡೆತ ತಿಂದು ಮನೆ ಬಿಟ್ಟ ಹೆಣ್ಣುಮಗಳಿಗೆ ‘ಮಗುವಿಗೋಸ್ಕರ ಹೊಂದಿಕೊಂಡು ಹೋಗು’ ಅನ್ನುವುದು ಕ್ರೌರ್ಯ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಸೆಕ್ಷನ್ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ಅವಳಿಗೆ ಒಪ್ಪಿಸಬಹುದು. ಭೇಟಿ ಹೇಗಿರಬೇಕು ಅಂತ ಹೇಳಬಹುದು. ಮಗುವಿಗೆ ಹಾನಿ ಅನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ನಡುವಿನ ದಾರಿಯೂ ಇದೆ. ಕೋರ್ಟಿನ ಆವರಣದಲ್ಲೋ, ಇಬ್ಬರೂ ಒಪ್ಪುವ ಹಿರಿಯರ ಎದುರಿನಲ್ಲೋ ಭೇಟಿ ನಡೆಯಬಹುದು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ. ಕೋವಿ ನಮಗೆ ಪೂಜೆಯ ವಸ್ತು. ಆದರೆ ಜಗಳದಲ್ಲಿ ಯಾರಾದರೂ ಅದನ್ನು ತೋರಿಸಿ ಹೆದರಿಸಿದ್ದರೆ ಆ ಮಾತನ್ನು ನಾಚಿಕೆಗೆ ಮುಚ್ಚಿಡಬಾರದು, ಅರ್ಜಿಯಲ್ಲಿ ಹೇಳಲೇಬೇಕು. ಭೇಟಿಯ ಹೊತ್ತಿನಲ್ಲಿ ಕೋವಿ ಮನೆಯಲ್ಲಿ ಇರಬಾರದು ಅಂತ ಷರತ್ತು ಕೇಳಬಹುದು.

ಇದರ ಇನ್ನೊಂದು ಮುಖ, ಮಗುವಿನ ಕಿವಿ ತುಂಬುವುದು. ‘ಪೇರೆಂಟಲ್ ಏಲಿಯನೇಷನ್’ ಎನ್ನುವ ಮಾತು ಈಗ ಅರ್ಜಿಗಳಲ್ಲಿ ಜಾಸ್ತಿ ಬರುತ್ತಿದೆ. 2024ರಲ್ಲಿ ಸೇನೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಎಚ್ಚರಿಕೆ ಹೇಳಿತು. ಸರಿಯಾಗಿ ಪರಿಶೀಲಿಸದೆ ಯಾರಿಗೂ ಆ ಹಣೆಪಟ್ಟಿ ಹಚ್ಚಬಾರದು ಅಂದಿತು. ಮಕ್ಕಳು ತಂದೆಯ ಬಳಿಯೇ ಇರಲು ಇಷ್ಟಪಟ್ಟಿದ್ದರು. ಅವರನ್ನು ತಂದೆಯ ಬಳಿ ಉಳಿಸಿ, ತಾಯಿಗೆ ಭೇಟಿಯ ಅವಕಾಶ ಕೊಟ್ಟಿತು. ಕೊಡಗಿನಲ್ಲಿ ಸೇನೆಯಲ್ಲಿರುವ ತಂದೆಯರು ತುಂಬಾ ಜನ. ‘ಪೋಸ್ಟಿಂಗ್‌ನಲ್ಲಿರುವವನಿಗೆ ಮಗು ಯಾಕೆ ಕೊಡ್ತಾರೆ’ ಅಂತ ಮೊದಲೇ ಕೈಚೆಲ್ಲುವವರು ಈ ತೀರ್ಪನ್ನು ವಕೀಲರ ಬಳಿ ಕೇಳಿ ತಿಳಿದುಕೊಳ್ಳಬೇಕು. ಸೈನಿಕರು ವಾರಾಂತ್ಯದ ಭೇಟಿ ಕೇಳಿ ಪ್ರಯೋಜನವಿಲ್ಲ. ರಜೆ ಮಂಜೂರಾದಾಗ ಇಷ್ಟು ದಿನ ಮುಂಚೆ ತಿಳಿಸಿದರೆ ಮಗುವನ್ನು ಕಳಿಸಬೇಕು ಅಂತ ಕೇಳಬೇಕು.

ಆದೇಶ ಇದ್ದೂ ಕಳಿಸದಿದ್ದರೆ

ಇದು ಎಲ್ಲಕ್ಕಿಂತ ನೋವಿನ ಜಾಗ. 1890ರಲ್ಲಿ ಕಾಯ್ದೆ ಬರೆದವರು, ಮಗುವನ್ನು ಹಾಜರುಪಡಿಸುವ ಆದೇಶ ಪಾಲಿಸದವರಿಗೆ ಇಟ್ಟ ದಂಡ ಹೆಚ್ಚೆಂದರೆ 100 ರೂಪಾಯಿ. ಮುಂದುವರಿಸಿದರೆ ದಿನಕ್ಕೆ 10 ರೂಪಾಯಿ, ಒಟ್ಟು 500 ದಾಟುವಂತಿಲ್ಲ. ಅದರ ಜೊತೆ ಸಿವಿಲ್ ಜೈಲಿನ ಮಾತೂ ಇದೆ. ಇವತ್ತು ವಕೀಲರು ಸಾಮಾನ್ಯವಾಗಿ ಹಿಡಿಯುವ ದಾರಿ ಆದೇಶ ಜಾರಿಯ ಅರ್ಜಿ ಅಥವಾ ನ್ಯಾಯಾಂಗ ನಿಂದನೆಯ ಅರ್ಜಿ. ಎರಡಕ್ಕೂ ಸಾಕ್ಷಿ ಬೇಕು. ‘ನಾನು ಬಂದಿದ್ದೆ, ಮಗು ಬರಲಿಲ್ಲ’ ಎನ್ನುವುದಕ್ಕೆ ಮೆಸೇಜು, ಬಸ್ ಟಿಕೆಟು, ಫೋಟೋ ಎಲ್ಲ ತಾರೀಕಿನ ಪ್ರಕಾರ ಇಟ್ಟುಕೊಳ್ಳಬೇಕು. ಇಲ್ಲೂ ಅದೇ ಮಾತು. ಗಂಟೆ, ಜಾಗ ಬರೆಯದ ಆದೇಶವನ್ನು ಮುರಿದರು ಅಂತ ಸಾಬೀತು ಮಾಡುವುದು ಬಹಳ ಕಷ್ಟ.

ಜೀವನಾಂಶವನ್ನೂ ಭೇಟಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ದೊಡ್ಡ ತಪ್ಪು. ಮಗು ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸುವಂತಿಲ್ಲ. ದುಡ್ಡು ಬರಲಿಲ್ಲ ಅಂತ ಮಗುವನ್ನು ತಡೆಯುವಂತಿಲ್ಲ. ಎರಡೂ ಮಗುವಿನದ್ದೇ.

ಜಂಟಿ ಕಸ್ಟಡಿಯ, ಅಂದರೆ ಮಗುವಿನ ಪಾಲನೆ ಇಬ್ಬರಿಗೂ ಸೇರುವ ಏರ್ಪಾಡಿನ, ಬಗ್ಗೆಯೂ ಕೇಳುತ್ತಾರೆ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೆ.ಎಂ. ವಿನಯಾ ಪ್ರಕರಣದಲ್ಲಿ ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ ಅಂತ ವರ್ಷವನ್ನೇ ಹಂಚಿತ್ತು. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಕಸ್ಟಡಿಯನ್ನು ಕಾಯ್ದೆಯಲ್ಲೇ ತರಬೇಕು ಅಂದಿತು. ಇಬ್ಬರೂ ಒಂದೇ ಊರಿನಲ್ಲಿದ್ದು ಶಾಲೆ ಬದಲಾಗದಿದ್ದರೆ ಇದು ಚೆನ್ನ. ಒಬ್ಬರು ಮಡಿಕೇರಿ, ಒಬ್ಬರು ಬೆಂಗಳೂರು ಆದಾಗ ಶಾಲೆಗೆ ಹೋಗುವ ಮಗುವಿಗೆ ಇದು ಆಗದ ಮಾತು.

ತೋಟದ ಲೈನ್ ಮನೆಗಳಲ್ಲಿ ಇರುವ ಕಾರ್ಮಿಕರ ಮಾತು ಇನ್ನೂ ಕಷ್ಟ. ಗಂಡ ಒಂದು ಎಸ್ಟೇಟಿಗೆ, ಹೆಂಡತಿ ಇನ್ನೊಂದಕ್ಕೆ ಹೋದರೆ ಮಗು ಯಾರ ಜೊತೆ ಹೋಯಿತೋ ಅವರದ್ದೇ. ಕೋರ್ಟಿನ ಮೆಟ್ಟಿಲು ಅವರಿಗೆ ಕನಸು. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದ ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ನಮ್ಮಲ್ಲಿ ಎಷ್ಟೋ ರಾಜಿಗಳು ಕೋರ್ಟಿಗೆ ಹೋಗುವ ಮೊದಲೇ ಹಿರಿಯರ ಎದುರು, ಅರುವನ (ಕುಟುಂಬದ ಪರವಾಗಿ ಮಾತಾಡುವವನ) ಮಾತಿನ ಮೇಲೆ ಆಗುತ್ತವೆ. ಅದು ಒಳ್ಳೆಯದೇ. ಫ್ಯಾಮಿಲಿ ಕೋರ್ಟ್ ಕಾಯ್ದೆಯ 9ನೇ ಸೆಕ್ಷನ್ ಕೂಡ ಮೊದಲು ರಾಜಿಗೆ ಪ್ರಯತ್ನಿಸಬೇಕು ಅನ್ನುತ್ತದೆ. ಆದರೆ ಐನ್‌ಮನೆಯ ಜಗಲಿಯಲ್ಲಿ ಆದ ಮಾತನ್ನು ಮರುವರ್ಷ ಒಬ್ಬರು ಮುರಿದರೆ ಯಾರೂ ಜಾರಿ ಮಾಡಿಸಲಾರರು. ಅದನ್ನು ಜಂಟಿ ಮೆಮೊ (ಒಪ್ಪಂದದ ಪತ್ರ) ಮಾಡಿ, ಇಬ್ಬರೂ ಸಹಿ ಹಾಕಿ, ಕೋರ್ಟಿಗೆ ಸಲ್ಲಿಸಿ ಆದೇಶದ ಭಾಗ ಮಾಡಿಸಬೇಕು. ಬರೆಯಲು ಕೂರುವಾಗ ಗೋಡೆಯ ಕ್ಯಾಲೆಂಡರ್ ತೆಗೆದು ಮುಂದೆ ಇಟ್ಟುಕೊಳ್ಳಿ.

ಕಸ್ಟಡಿ ಆದೇಶ ಯಾವತ್ತೂ ಕಲ್ಲಿನ ಮೇಲೆ ಬರೆದದ್ದಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಬದಲಿಸಿ ಅಂತ ಮತ್ತೆ ಕೇಳಬಹುದು. ತಿಳಿವಳಿಕೆ ಬಂದ ಮಗುವಿನ ಮಾತನ್ನೂ ಜಡ್ಜ್ ಕೇಳುತ್ತಾರೆ. ನನ್ನ ಬಂಧು ಈಗ ಅಂಥ ಅರ್ಜಿ ಹಾಕಿದ್ದಾನೆ. ಎರಡು ಶನಿವಾರದ ಬದಲು ತಿಂಗಳಿಗೊಂದು ವಾರಾಂತ್ಯ, ಮೈಸೂರಿನಲ್ಲಿ ಮಗುವನ್ನು ಒಪ್ಪಿಸುವುದು, ಮಳೆಗೆ ತಪ್ಪಿದ್ದಕ್ಕೆ ಬದಲಿ ದಿನ, ವರ್ಷ ಬಿಟ್ಟು ವರ್ಷ ಹುತ್ತರಿ. ಮಗಳ ಅಮ್ಮ ಮೊದಲ ಮೂರಕ್ಕೆ ಒಪ್ಪಿದ್ದಾರೆ. ಹುತ್ತರಿಯ ವಿಷಯದಲ್ಲಿ, ಶಾಲೆ ಒಂದು ದಿನಕ್ಕಿಂತ ಜಾಸ್ತಿ ತಪ್ಪಬಾರದು ಅಂತ ಷರತ್ತು ಹಾಕಿದ್ದಾರೆ. ಮುಂದಿನ ವಾಯಿದೆಗೆ ಅದನ್ನು ಸೇರಿಸಿ ಮೆಮೊ ತಿದ್ದಿಕೊಂಡು ಹೋಗಬೇಕು.